ಹೊಸ ಕಂಪ್ಯೂಟರಿನಲ್ಲಿ ವಿಡಿಯೋ ಓಡುತ್ತದೆ, ಸದ್ದು ಮಾತ್ರ ಇಲ್ಲ

ದೀಪಾವಳಿ ಸೇಲ್ ಮುಗಿಯುತ್ತಿದ್ದಂತೆ ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ಥಾಣೆಯ ಚಿಕ್ಕಮ್ಮ, ಮುಲುಂಡಿನ ಭಾವ, ನಮ್ಮದೇ ಬಿಲ್ಡಿಂಗಿನ ಮೂರನೇ ಮಾಳಿಗೆಯ ಮಾಮಿ. ಎಲ್ಲರದೂ ಒಂದೇ ಮಾತು: "ಹೊಸ ಲ್ಯಾಪ್‌ಟಾಪ್ ತಗೊಂಡೆವು. ಮದುವೆ ವಿಡಿಯೋ ಹಾಕಿದರೆ ಚಿತ್ರ ಚೆನ್ನಾಗಿದೆ, ಸದ್ದೇ ಇಲ್ಲ." ನಾನು ಇಂಜಿನಿಯರ್ ಅಲ್ಲ. ಫೋರ್ಟಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು. ಡೊಂಬಿವಲಿಯ ನಮ್ಮ ಸಂಘದ ಹಳೆಯ ಯಕ್ಷಗಾನ, ನಾಟಕಗಳ ಡಿವಿಡಿಗಳನ್ನು ಕಾಪಾಡುವ ಕೆಲಸ ನನ್ನ ತಲೆಗೆ ಬಿತ್ತು. ಆಗ ಬಂದ ವಿದ್ಯೆ ಇದು.

ಮೊದಲೇ ಒಂದು ಮಾತು. ಅಂಗಡಿಗೆ ಓಡಬೇಡಿ. ಅಲ್ಲಿ ಹೋದ ಕೂಡಲೇ "ಫಾರ್ಮ್ಯಾಟ್ ಕರಾವಾ ಲಾಗೇಲ್" ಎನ್ನುತ್ತಾರೆ, ಅಂದರೆ ಇದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು ಅಂತ. ಸದ್ದಿಲ್ಲದ ವಿಡಿಯೋಗೆ ಫಾರ್ಮ್ಯಾಟ್ ಮಾಡುವ ಅಗತ್ಯ ಬರುವುದು ತೀರಾ ಅಪರೂಪ. ಮಾಡಿಸಿದರೂ ಎಷ್ಟೋ ಸಲ ಅದೇ ಫೈಲು ಮತ್ತೆ ಮೂಕವಾಗಿಯೇ ಓಡುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸದ್ದು ಎಲ್ಲಿ ತಪ್ಪಿಹೋಗುತ್ತಿದೆ ಎಂದು ಮೊದಲು ಗೊತ್ತಾಗಬೇಕು. ಅದಕ್ಕೆ ಮೂರು ಪರೀಕ್ಷೆ ಸಾಕು. ನಾನು ಫೋನಿನಲ್ಲಿ ಕೇಳುವುದೂ ಇದನ್ನೇ. ಒಂದು, ಬ್ರೌಸರ್ ತೆರೆದು ಯೂಟ್ಯೂಬಿನಲ್ಲಿ ಯಾವುದಾದರೂ ಹಾಡು ಹಾಕಿ. ಎರಡು, ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸೌಂಡ್ ತೆರೆಯಿರಿ. ನಿಮ್ಮ ಸ್ಪೀಕರಿನ ಹೆಸರು ಒತ್ತಿದರೆ ಟೆಸ್ಟ್ ಎನ್ನುವ ಬಟನ್ ಇದೆ, ಅದನ್ನು ಒತ್ತಿ. ಮೂರು, ತಕರಾರು ಮಾಡುವ ಆ ವಿಡಿಯೋ ಬಿಟ್ಟು ಬೇರೆ ಒಂದು ವಿಡಿಯೋ ಹಾಕಿ. ನಿಮ್ಮದೇ ಫೋನಿನಲ್ಲಿ ತೆಗೆದದ್ದಾದರೆ ಒಳ್ಳೆಯದು.

ಎಲ್ಲವೂ ಮೂಕವಾಗಿದ್ದರೆ ತೊಂದರೆ ಕಂಪ್ಯೂಟರಿನದು. ಯೂಟ್ಯೂಬ್ ಹಾಡಿ, ಆ ಒಂದು ಫೈಲು ಮಾತ್ರ ಹಾಡದಿದ್ದರೆ ತೊಂದರೆ ಫೈಲಿನದು ಅಥವಾ ಪ್ಲೇಯರಿನದು. ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆ. ಇದನ್ನು ನೋಡದೆ ಡ್ರೈವರ್ (ಸದ್ದಿನ ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ಪುಟ್ಟ ಸಾಫ್ಟ್‌ವೇರ್) ಕಿತ್ತು ಹಾಕುವವರೇ ಜಾಸ್ತಿ.

ಯಾವುದರಲ್ಲೂ ಸದ್ದಿಲ್ಲದಿದ್ದರೆ

ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಸ್ಪೀಕರಿಗೆ ಅಡ್ಡಗೆರೆ ಎಳೆದ ಒಂದು ಕೀ ಇರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೊಂದು ಪುಟ್ಟ ದೀಪವೂ ಉಂಟು. ದೀಪ ಉರಿಯುತ್ತಿದ್ದರೆ ಮ್ಯೂಟ್ ಆಗಿದೆ ಎಂದರ್ಥ. ನಗಬೇಡಿ, ಹೊಸ ಕೀಬೋರ್ಡಿಗೆ ಕೈ ಪಳಗುವ ತನಕ ಇದು ಎಲ್ಲರಿಗೂ ಆಗುತ್ತದೆ.

ಆಮೇಲೆ ನೋಡಬೇಕಾದದ್ದು, ಸದ್ದನ್ನು ವಿಂಡೋಸ್ ಯಾವ ಕಡೆಗೆ ಕಳಿಸುತ್ತಿದೆ ಎನ್ನುವುದು. ವಿಂಡೋಸ್ 11ರಲ್ಲಿ ವಿಂಡೋಸ್ ಕೀ, ಕಂಟ್ರೋಲ್, ವಿ ಮೂರನ್ನೂ ಒಟ್ಟಿಗೆ ಒತ್ತಿ. ಬಲಗಡೆ ಒಂದು ಪಟ್ಟಿ ತೆರೆಯುತ್ತದೆ. ಸದ್ದು ಹೊರಬರಬಹುದಾದ ಎಲ್ಲ ಜಾಗಗಳ ಹೆಸರೂ ಅದರಲ್ಲಿವೆ. ಗುರುತು ಯಾವುದರ ಮೇಲಿದೆ ನೋಡಿ. ಮಾನಿಟರಿನ ಹೆಸರಿನ ಮೇಲಿದ್ದರೆ ಕಳ್ಳ ಸಿಕ್ಕಿದ. ಎಚ್‌ಡಿಎಂಐ ಕೇಬಲ್ ಚಿತ್ರವನ್ನೂ ಸದ್ದನ್ನೂ ಒಟ್ಟಿಗೆ ಒಯ್ಯುತ್ತದೆ. ಅದನ್ನು ಸಿಕ್ಕಿಸಿದ ಕೂಡಲೇ ವಿಂಡೋಸ್ ಸದ್ದನ್ನೂ ಮಾನಿಟರಿಗೆ ಕಳಿಸಲು ಶುರು ಮಾಡಬಹುದು. ಎಷ್ಟೋ ಮಾನಿಟರುಗಳಿಗೆ ಸ್ಪೀಕರೇ ಇಲ್ಲ. ಸದ್ದು ಹೋಗುತ್ತಿದೆ, ಆದರೆ ಬಾಯಿಲ್ಲದವನ ಹತ್ತಿರ ಹೋಗುತ್ತಿದೆ. ಪಟ್ಟಿಯಲ್ಲಿ ಸ್ಪೀಕರ್ಸ್ ಎಂದಿರುವುದನ್ನು ಆರಿಸಿ, ಮುಗಿಯಿತು.

ಬ್ಲೂಟೂತ್ ಇನ್ನೊಂದು ಕಾರಣ. ಲೋಕಲ್‌ನಲ್ಲಿ ಇಯರ್‌ಬಡ್ಸ್ ಹಾಕಿಕೊಂಡು ಬಂದವರು ಮನೆಗೆ ಬಂದು ಅದನ್ನು ಸೋಫಾದ ಮೇಲೆ ಎಸೆಯುತ್ತಾರೆ. ಡಬ್ಬಿಗೆ ಹಾಕಿ ಮುಚ್ಚುವುದಿಲ್ಲ. ಲ್ಯಾಪ್‌ಟಾಪ್ ತೆರೆದ ಕೂಡಲೇ ಅದು ತಾನಾಗಿ ಸೇರಿಕೊಳ್ಳುತ್ತದೆ. ಭಾಗವತಿಕೆ ಪೂರ್ತಿ ಸೋಫಾದ ಸಂದಿಯಲ್ಲಿ ನಡೆಯುತ್ತಿರುತ್ತದೆ, ಇಲ್ಲಿ ಕೂತವರಿಗೆ ಏನೂ ಕೇಳಿಸುವುದಿಲ್ಲ.

ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿನಲ್ಲಿ ಜೋಡಿಸಿ ತಂದ ಡೆಸ್ಕ್‌ಟಾಪ್ ಆದರೆ ಕಥೆ ಸ್ವಲ್ಪ ಬೇರೆ. ರಸ್ತೆಯ ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ್ ಅಂತ ಇದೆ, ಆದರೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಹಾಗೆ ಕೇಳಿದರೆ ಜನ ಮುಖ ನೋಡುತ್ತಾರೆ. ಅಲ್ಲಿ ಬಿಲ್ಲಿನಲ್ಲಿ ಪ್ರೊಸೆಸರ್, ರ‍್ಯಾಮ್, ಕ್ಯಾಬಿನೆಟ್ ಎಲ್ಲ ಬರೆಸಿ ಸ್ಪೀಕರ್ ಬರೆಸುವುದನ್ನೇ ಮರೆಯುವವರಿದ್ದಾರೆ. ಲ್ಯಾಪ್‌ಟಾಪ್ ಬಳಸಿ ಅಭ್ಯಾಸವಾದವರಿಗೆ ಡೆಸ್ಕ್‌ಟಾಪಿನ ಡಬ್ಬದಲ್ಲಿ ಹಾಡು ಕೇಳುವಂಥ ಸ್ಪೀಕರ್ ಇರುವುದಿಲ್ಲ ಎನ್ನುವುದೇ ಹೊಳೆಯುವುದಿಲ್ಲ. ಒಳಗೊಂದು ಬೀಪ್ ಅನ್ನುವ ಗುಂಡಿ ಇದ್ದರೂ ಅದರಿಂದ ಹಾಡು ಬರುವುದಿಲ್ಲ.

ಸ್ಪೀಕರ್ ಇದ್ದರೆ ಅದರ ವೈರನ್ನು ಹಿಂದಿನ ಹಸಿರು ತೂತಿಗೆ ಹಾಕಬೇಕು. ಗುಲಾಬಿ ಬಣ್ಣದ್ದು ಮೈಕಿಗೆ. ನೀಲಿ ಬಣ್ಣದ್ದು ಹೊರಗಿನ ಸದ್ದನ್ನು ಒಳಗೆ ತೆಗೆದುಕೊಳ್ಳಲು. ಮೂರಕ್ಕೂ ಒಂದೇ ಅಳತೆ, ಹಾಗಾಗಿ ತಪ್ಪು ತೂತಿಗೂ ಸಲೀಸಾಗಿ ಹೋಗಿ ಕೂರುತ್ತದೆ. ಟೇಬಲ್ಲಿನ ಹಿಂದೆ ಕತ್ತಲಲ್ಲಿ ಕೈಯಾಡಿಸಿ ಹಾಕಬೇಡಿ, ಫೋನಿನ ಟಾರ್ಚ್ ಹಿಡಿದು ಹಾಕಿ. ಹಿಂದಿನ ತೂತಿನಲ್ಲಿ ಸದ್ದು ಬಂದು ಮುಂದಿನ ಹೆಡ್‌ಫೋನ್ ತೂತಿನಲ್ಲಿ ಬರದಿದ್ದರೆ, ಕ್ಯಾಬಿನೆಟ್ಟಿನ ಮುಂಭಾಗದಿಂದ ಮದರ್‌ಬೋರ್ಡಿಗೆ ಹೋಗುವ ಆಡಿಯೋ ವೈರನ್ನು ಜೋಡಿಸಿದವರು ಸಿಕ್ಕಿಸದೆ ಬಿಟ್ಟಿರಬಹುದು. ಅದನ್ನು ಸರಿ ಮಾಡಿಕೊಡುವುದು ಅಂಗಡಿಯವರ ಕೆಲಸ. ಅದಕ್ಕೆ ಬೇರೆ ದುಡ್ಡು ಕೊಡಬೇಡಿ.

ಹಳೆಯ ಸ್ಪೀಕರನ್ನೇ ಹೊಸ ಕಂಪ್ಯೂಟರಿಗೆ ಹಾಕುತ್ತಿದ್ದೀರಾ? ಅದರ ಪಿನ್ ಒಮ್ಮೆ ನೋಡಿ. ಮುಂಬೈ ಗಾಳಿಗೆ ಪಿನ್ ಕಪ್ಪಾಗಿ ಕಿಲುಬು ಹಿಡಿದಿದ್ದರೆ ಒಣ ಬಟ್ಟೆಯಲ್ಲಿ ಗಟ್ಟಿಯಾಗಿ ಒರೆಸಿ. ಆ ಸ್ಪೀಕರನ್ನು ನಿಮ್ಮ ಫೋನಿಗೆ ಸಿಕ್ಕಿಸಿ ನೋಡಿದರೆ ಸ್ಪೀಕರ್ ಬದುಕಿದೆಯೋ ಇಲ್ಲವೋ ಅದೂ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಟೆಸ್ಟ್ ಬಟನ್ನಿಗೆ ಸದ್ದು ಬರದಿದ್ದರೆ ಆಗ ಡ್ರೈವರ್. ಸ್ಟಾರ್ಟ್ ಬಟನ್ನಿನ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೌಂಡ್, ವಿಡಿಯೋ ಎಂದಿರುವ ಸಾಲನ್ನು ಬಿಚ್ಚಿ. ಹಳದಿ ತ್ರಿಕೋನ ಕಂಡರೆ ಡ್ರೈವರ್ ಕೈಕೊಟ್ಟಿದೆ. ಲ್ಯಾಪ್‌ಟಾಪ್ ಆದರೆ ಅದನ್ನು ಮಾಡಿದ ಕಂಪನಿಯ ಸೈಟಿಗೆ ಹೋಗಿ, ಅಡಿಯಲ್ಲಿ ಅಂಟಿಸಿರುವ ಸೀರಿಯಲ್ ನಂಬರ್ ಹಾಕಿ, ಆಡಿಯೋ ಡ್ರೈವರ್ ಇಳಿಸಿಕೊಳ್ಳಿ. ಜೋಡಿಸಿದ ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡಿನ ಖಾಲಿ ಡಬ್ಬ ಇಟ್ಟುಕೊಂಡಿದ್ದೀರಲ್ವಾ? ಮಾಡೆಲ್ ಹೆಸರು ಅದರ ಮೇಲಿದೆ. ವಿಂಡೋಸ್ ಅಪ್‌ಡೇಟಿನ ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಆಪ್ಷನಲ್ ಅಪ್‌ಡೇಟ್ಸ್ ಅಂತಲೂ ಒಂದಿದೆ. ಕೆಲವು ಸಲ ಬೇಕಾದ ಡ್ರೈವರ್ ಅಲ್ಲೇ ಕಾಯುತ್ತಾ ಕೂತಿರುತ್ತದೆ. ಡ್ರೈವರ್ ಹುಡುಕಿ ಕೊಡುತ್ತೇವೆ ಎನ್ನುವ ಬಿಟ್ಟಿ ಸಾಫ್ಟ್‌ವೇರುಗಳನ್ನು ಹತ್ತಿರ ಸೇರಿಸಬೇಡಿ.

ಹಾಗೆಯೇ, ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆ ಬರಿದು ಮಾಡುವವರು ಅಲ್ಲಿ ಹೊಂಚು ಹಾಕಿರುತ್ತಾರೆ. ವಾರಂಟಿ ಕಾರ್ಡಿನಲ್ಲಿ ಅಚ್ಚಾದ ನಂಬರ್ ಮಾತ್ರ ನಂಬಿ. ಅಕಸ್ಮಾತ್ ದುಡ್ಡು ಹೋಯಿತು ಎಂದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸರಕಾರದ ಸೈಬರ್ ಸಹಾಯವಾಣಿ.

ಬ್ರೌಸರಿನಲ್ಲಿ ಮಾತ್ರ ಸದ್ದಿಲ್ಲದಿದ್ದರೆ

ಇದು ಸುಲಭ. ಬ್ರೌಸರಿನ ಟ್ಯಾಬ್ ಮೇಲೆ ಬಲ ಕ್ಲಿಕ್ ಮಾಡಿ. ಅನ್‌ಮ್ಯೂಟ್ ಎಂದು ಕಂಡರೆ ಆ ಸೈಟನ್ನು ಯಾರೋ ಮ್ಯೂಟ್ ಮಾಡಿದ್ದಾರೆ. ಯೂಟ್ಯೂಬಿನಲ್ಲಿ ಎಂ ಕೀ ಒತ್ತಿದರೆ ಮ್ಯೂಟ್, ಮತ್ತೆ ಒತ್ತಿದರೆ ಸದ್ದು. ಅಲ್ಲೂ ಸರಿಯಿದ್ದರೆ ಸೌಂಡ್ ಸೆಟ್ಟಿಂಗಿನ ವಾಲ್ಯೂಮ್ ಮಿಕ್ಸರ್ ನೋಡಿ. ಅಲ್ಲಿ ಒಂದೊಂದು ಆ್ಯಪಿಗೂ ಬೇರೆ ಬೇರೆ ವಾಲ್ಯೂಮ್ ಇರುತ್ತದೆ. ಒಂದೊಂದನ್ನು ಬೇರೆ ಬೇರೆ ಸ್ಪೀಕರಿಗೂ ಕಳಿಸಬಹುದು. ಏನೋ ಗೊಂದಲವಾಗಿದೆ ಅನಿಸಿದರೆ ಕೆಳಗಿನ ರೀಸೆಟ್ ಒತ್ತಿಬಿಡಿ.

ಒಂದು ಫೈಲು ಮಾತ್ರ ಮೂಕವಾಗಿದ್ದರೆ

ನನಗೆ ಬರುವ ಫೋನುಗಳಲ್ಲಿ ಈಗ ಇದೇ ಜಾಸ್ತಿ. "ಹಳೇ ಕಂಪ್ಯೂಟರಿನಲ್ಲಿ ಇದೇ ಫೈಲು ಚೆನ್ನಾಗಿ ಕೇಳುತ್ತಿತ್ತು. ಹೊಸದೇ ಹಾಳು" ಎನ್ನುತ್ತಾರೆ. ಹೊಸದು ಹಾಳಾಗಿಲ್ಲ. ಈ ಭಾಗವನ್ನು ಸ್ವಲ್ಪ ನಿಧಾನ ಓದಿ.

ವಿಡಿಯೋ ಫೈಲು ಎಂದರೆ ನಾವು ಆಫೀಸಿಗೆ ಒಯ್ಯುವ ಊಟದ ಡಬ್ಬಿಯ ಹಾಗೆ. ಎಂಪಿ4, ಎಂಕೆವಿ, ಎವಿಐ ಎನ್ನುವುದು ಡಬ್ಬಿಯ ಹೆಸರು ಮಾತ್ರ. ಒಳಗೆ ಒಂದು ತಟ್ಟೆಯಲ್ಲಿ ಚಿತ್ರ, ಇನ್ನೊಂದರಲ್ಲಿ ಸದ್ದು. ಎರಡನ್ನೂ ಬೇರೆ ಬೇರೆ ವಿಧಾನದಲ್ಲಿ ಒತ್ತಿ ಚಿಕ್ಕದು ಮಾಡಿ ತುಂಬಿರುತ್ತಾರೆ. ಹಾಗೆ ತುಂಬಿ ಮತ್ತೆ ಬಿಡಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಚಿತ್ರದ ಕೋಡೆಕ್ ನಿಮ್ಮ ಕಂಪ್ಯೂಟರಿಗೆ ಗೊತ್ತಿದ್ದು ಸದ್ದಿನದು ಗೊತ್ತಿಲ್ಲದಿದ್ದರೆ ಚಿತ್ರ ಓಡುತ್ತದೆ, ಸದ್ದು ಇರುವುದಿಲ್ಲ. ಆದ್ದರಿಂದ "ನನ್ನದು ಎಂಕೆವಿ ಫೈಲು" ಎಂದರೆ ನನಗೆ ಅರ್ಧ ಮಾತ್ರ ತಿಳಿಯಿತು. ಒಳಗಿನ ಸದ್ದು ಯಾವ ಬಗೆಯದು ಎನ್ನುವುದು ಮುಖ್ಯ.

ಫೋನಿನಲ್ಲಿ ತೆಗೆದ ವಿಡಿಯೋದ ಸದ್ದು ಸಾಮಾನ್ಯವಾಗಿ ಎಎಸಿ. ಅದು ಎಲ್ಲ ಕಡೆ ಕೇಳುತ್ತದೆ. ತಕರಾರು ಬರುವುದು ಎಸಿ-3, ಇ-ಎಸಿ-3 ಮತ್ತು ಡಿಟಿಎಸ್ ಎಂಬ ಬಗೆಗಳಲ್ಲಿ. ಮೊದಲೆರಡು ಡಾಲ್ಬಿ ಕಂಪನಿಯವು. ಸಿನಿಮಾಗಳಲ್ಲಿ, ಡಿವಿಡಿಗಳಲ್ಲಿ ಇವು ಧಾರಾಳ. ನಮ್ಮ ಮದುವೆ, ಮುಂಜಿ, ನಾಟಕದ ಡಿವಿಡಿಗಳನ್ನು ಮಾಡಿಕೊಟ್ಟ ಸ್ಟುಡಿಯೋಗಳಲ್ಲೂ ಎಷ್ಟೋ ಜನ ಸದ್ದನ್ನು ಎಸಿ-3ರಲ್ಲೇ ಹಾಕಿಕೊಟ್ಟಿದ್ದಾರೆ.

ಹಳೆಯ ಕಂಪ್ಯೂಟರಿನಲ್ಲಿ ಕೇಳಿದ್ದು ಹೊಸದರಲ್ಲಿ ಯಾಕೆ ಕೇಳುವುದಿಲ್ಲ? ವಿಂಡೋಸ್ ಜೊತೆಗೇ ಎಸಿ-3 ಕೋಡೆಕ್ ಬರುತ್ತಿತ್ತು. 2024ರ ಅಕ್ಟೋಬರಿನಲ್ಲಿ ವಿಂಡೋಸ್ 11ರ 24ಎಚ್2 ಎಂಬ ಆವೃತ್ತಿ ಬಂತು. ಅಲ್ಲಿಂದ ಹೊಸದಾಗಿ ಹಾಕಿದ ವಿಂಡೋಸಿನ ಜೊತೆ ಅದು ಬರುವುದಿಲ್ಲ. ಹಳೆಯ ಕಂಪ್ಯೂಟರನ್ನು ಅಪ್‌ಡೇಟ್ ಮಾಡಿಕೊಂಡವರಿಗೆ ಮೊದಲಿನದೇ ಉಳಿಯುತ್ತದೆ. ಹೊಸ ಕಂಪ್ಯೂಟರಿನಲ್ಲಿ, ಕಂಪ್ಯೂಟರ್ ತಯಾರಿಸಿದ ಕಂಪನಿ ಕೋಡೆಕ್ ಹಾಕಿ ಕೊಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಫಾರ್ಮ್ಯಾಟ್ ಮಾಡಬೇಡಿ ಎಂದು ಆಗ ಹೇಳಿದ್ದು ಇದಕ್ಕೇ. ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದರೆ ಇದ್ದ ಕೋಡೆಕ್ ಕೂಡ ಹೋಗಬಹುದು! ನಿಮ್ಮದು ಯಾವ ಆವೃತ್ತಿ ಎಂದು ನೋಡಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ವಿನ್‌ವರ್ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ನಾನು ಫೋನಿನಲ್ಲಿ ಡಬ್ಲ್ಯೂ, ಐ, ಎನ್, ವಿ, ಇ, ಆರ್ ಎಂದು ಅಕ್ಷರ ಬಿಡಿಸಿ ಹೇಳುತ್ತೇನೆ.

ಇದಕ್ಕೆ ಮದ್ದು ವಿಎಲ್‌ಸಿ ಪ್ಲೇಯರ್. ಕಿತ್ತಳೆ-ಬಿಳಿ ಪಟ್ಟೆಯ ಟ್ರಾಫಿಕ್ ಕೋನ್ ಅದರ ಗುರುತು. 1996ರಲ್ಲಿ ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು. ಇವತ್ತಿಗೂ ಬಿಟ್ಟಿ, ಜಾಹೀರಾತೂ ಇಲ್ಲ. ಎಸಿ-3, ಡಿಟಿಎಸ್ ಎಲ್ಲವನ್ನೂ ಬಿಡಿಸುವ ವಿದ್ಯೆ ಅದರ ಒಳಗೇ ಇದೆ, ವಿಂಡೋಸನ್ನು ಕೇಳುವ ಗೋಜಿಲ್ಲ. ಇಳಿಸಿಕೊಳ್ಳುವಾಗ ವಿಡಿಯೋಲ್ಯಾನ್ ಡಾಟ್ ಆರ್ಗ್ ಎಂಬ ಅವರದೇ ಸೈಟಿನಿಂದ ಇಳಿಸಿಕೊಳ್ಳಿ. ಅದೇ ಕೋನ್ ಚಿತ್ರ ಹಾಕಿಕೊಂಡು ಬೇರೆ ಏನೇನೋ ಅಂಟಿಸುವ ಸೈಟುಗಳಿವೆ. ಕೋಡೆಕ್ ಪ್ಯಾಕ್ ಎಂದು ಸಿಗುವ ಮೂಟೆಗಳೂ ಬೇಡ. ಹದಿನೈದು ವರ್ಷದ ಹಿಂದೆ ಎಲ್ಲರೂ ಅದನ್ನೇ ಹಾಕುತ್ತಿದ್ದರು. ಈಗ ವಿಎಲ್‌ಸಿ ಒಂದಿದ್ದರೆ ಸಾಕು.

ವಿಡಿಯೋ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಓಪನ್ ವಿತ್, ವಿಎಲ್‌ಸಿ ಆರಿಸಿ, ಆಲ್ವೇಸ್ ಎನ್ನಿ. ಇಲ್ಲದಿದ್ದರೆ ನಾಳೆ ಡಬಲ್ ಕ್ಲಿಕ್ ಮಾಡಿದಾಗ ಮತ್ತೆ ವಿಂಡೋಸಿನ ಪ್ಲೇಯರಿನಲ್ಲೇ ತೆರೆದು, ಮತ್ತೆ ಮೂಕವಾಗಿ, ಮತ್ತೆ ನನಗೇ ಫೋನು.

ಡಿವಿಡಿಯವರಿಗೆ ಇನ್ನೊಂದು ಮಾತು. ಡಿವಿಡಿ ಹಾಕಿ ನೋಡುವ ಸೌಲಭ್ಯವನ್ನು ವಿಂಡೋಸ್ 8ರಲ್ಲೇ ತೆಗೆದಿದ್ದಾರೆ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೂ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಒಂದನ್ನು ನಾಲ್ಕು ಮನೆಯವರು ಸೇರಿ ತಂದಿಟ್ಟುಕೊಂಡರೆ ಸಾಕು, ದಿನಾ ಬೇಕಾಗುವ ಸಾಮಾನಲ್ಲ. ಡಿವಿಡಿಯೊಳಗೆ ವಿಡಿಯೋ ಟಿಎಸ್ ಎಂಬ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಕಂಪ್ಯೂಟರಿಗೆ ನಕಲು ಮಾಡಿ. ಒಳಗಿನ ವಿಒಬಿ ಫೈಲುಗಳು ವಿಎಲ್‌ಸಿಯಲ್ಲಿ ಓಡುತ್ತವೆ. ಇಪ್ಪತ್ತು ವರ್ಷದ ಹಿಂದಿನ ಡಿವಿಡಿ ಮನೆಯಲ್ಲಿದ್ದರೆ ಈ ಕೆಲಸವನ್ನು ಈ ಮಳೆಗಾಲದೊಳಗೇ ಮಾಡಿ. ಮನೆಯಲ್ಲಿ ಬರೆಸಿದ ಡಿಸ್ಕುಗಳಿಗೆ ನಮ್ಮ ತೇವ ಆಗಿಬರುವುದಿಲ್ಲ.

ಫೈಲನ್ನು ಊರಿಗೆ ಕಳಿಸಬೇಕು, ಟಿವಿಯಲ್ಲಿ ಹಾಕಬೇಕು ಎಂದಿದ್ದರೆ ವಿಎಲ್‌ಸಿಯಿಂದ ಪೂರ್ತಿ ಕೆಲಸ ಆಗುವುದಿಲ್ಲ. ಆ ಕಡೆಯವರ ಟಿವಿಗೂ ಸದ್ದು ಗೊತ್ತಾಗಬೇಕು. ಆಗ ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ಬಿಟ್ಟಿ ಸಾಫ್ಟ್‌ವೇರಿನಲ್ಲಿ ಫೈಲು ತೆರೆದು, ಎಂಪಿ4 ಆರಿಸಿ, ಆಡಿಯೋ ಪುಟದಲ್ಲಿ ಕೋಡೆಕ್ ಎಎಸಿ ಎಂದು ಇಟ್ಟು ಹೊಸ ಫೈಲು ಮಾಡಿಕೊಳ್ಳಿ. ಸಮಯ ಹಿಡಿಯುತ್ತದೆ. ರಾತ್ರಿ ಹಾಕಿ ಮಲಗಿದರೆ ಆಯಿತು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ವಿಎಲ್‌ಸಿಯಲ್ಲೂ ಸದ್ದಿಲ್ಲದಿದ್ದರೆ

ಆಡಿಯೋ ಮೆನುವಿನಲ್ಲಿ ಆಡಿಯೋ ಟ್ರ್ಯಾಕ್ ತೆರೆಯಿರಿ. ಡಿಸೇಬಲ್ ಮೇಲೆ ಗುರುತಿದ್ದರೆ ತೆಗೆದು ಟ್ರ್ಯಾಕ್ 1 ಮೇಲೆ ಇಡಿ. ಬಿ ಕೀ ಒತ್ತಿದರೂ ಟ್ರ್ಯಾಕ್ ಬದಲಾಗುತ್ತದೆ. ನಾಲ್ಕು ಭಾಷೆಯ ಸಿನಿಮಾ ಫೈಲಿನಲ್ಲಿ ಹಿಂದಿಯೇ ಮೊದಲು ಬಂದು ಕಿರಿಕಿರಿಯಾಗುತ್ತಿದ್ದರೆ, ಪ್ರಿಫರೆನ್ಸಸ್‌ನ ಆಡಿಯೋ ಪುಟದ ಕೆಳಗೆ ಇಷ್ಟದ ಭಾಷೆ ಬರೆಯುವ ಜಾಗವಿದೆ. ಅಲ್ಲಿ ಇಂಗ್ಲಿಷಿನ ಕೆ, ಎ, ಎನ್ ಎಂಬ ಮೂರು ಅಕ್ಷರ ಬರೆದು ಸೇವ್ ಮಾಡಿ. ಫೈಲು ಮಾಡಿದವರು ಭಾಷೆಯ ಹೆಸರು ಸರಿಯಾಗಿ ನಮೂದಿಸಿದ್ದರೆ ಇನ್ನು ಮುಂದೆ ಕನ್ನಡವೇ ಮೊದಲು.

ಅದೇ ಪುಟದಲ್ಲಿ ಪಾಸ್‌ಥ್ರೂ ಎಂದು ಒಂದು ಆಯ್ಕೆ ಇದೆ. ಅದು ಡಿಸೇಬಲ್ಡ್ ಆಗಿರಲಿ. ಅದು ಚಾಲೂ ಇದ್ದರೆ ವಿಎಲ್‌ಸಿ ಡಾಲ್ಬಿ ಸದ್ದನ್ನು ತಾನು ಬಿಡಿಸದೆ ಹಾಗೇ ಮುಂದಕ್ಕೆ ದಾಟಿಸುತ್ತದೆ. ದೊಡ್ಡ ಹೋಮ್ ಥಿಯೇಟರ್ ಇದ್ದವರಿಗೆ ಸರಿ. ನಮ್ಮ ನಿಮ್ಮ ಸ್ಪೀಕರಿಗೆ ಅದು ಅರ್ಥವಾಗುವುದಿಲ್ಲ. ಏನು ಬದಲಾಯಿಸಿದ್ದೀರಿ ಎಂದೇ ನೆನಪಿಲ್ಲದಿದ್ದರೆ ಕೆಳಗಿನ ರೀಸೆಟ್ ಪ್ರಿಫರೆನ್ಸಸ್ ಒತ್ತಿ.

ಸದ್ದು ಬರುತ್ತದೆ, ಮಾತು ಬರುವುದಿಲ್ಲ

ಇದು ವಿಚಿತ್ರ. ಚೆಂಡೆ ಕೇಳುತ್ತದೆ, ಮಳೆ ಕೇಳುತ್ತದೆ, ಬಾಗಿಲು ಹಾಕಿದ್ದೂ ಕೇಳುತ್ತದೆ. ಮಾತಾಡುವವರ ಬಾಯಿ ಮಾತ್ರ ಸುಮ್ನೆ ಆಡುತ್ತಿರುತ್ತದೆ. ಸಿನಿಮಾಗಳ 5.1 ಸದ್ದಿನಲ್ಲಿ ಆರು ದಾರಿಗಳಿವೆ. ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆಂದು ಇಟ್ಟದ್ದು. ನಿಮ್ಮಲ್ಲಿರುವುದು ಎರಡೇ ಸ್ಪೀಕರ್, ಆದರೆ ವಿಂಡೋಸ್ ಆರಿವೆ ಎಂದುಕೊಂಡಿದ್ದರೆ ನಡುವಿನದು ಗಾಳಿಗೆ ಹೋಗುತ್ತದೆ. ಸೌಂಡ್ ಸೆಟ್ಟಿಂಗಿನ ಕೆಳಗೆ ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿ, ಸ್ಪೀಕರ್ಸ್ ಆರಿಸಿ, ಕಾನ್ಫಿಗರ್ ಒತ್ತಿ, ಸ್ಟೀರಿಯೋ ಎಂದಿಡಿ. ವಿಎಲ್‌ಸಿಯ ಆಡಿಯೋ ಮೆನುವಿನ ಸ್ಟೀರಿಯೋ ಮೋಡ್‌ನಲ್ಲೂ ಸ್ಟೀರಿಯೋ ಇರಲಿ.

ಹೆಡ್‌ಫೋನಿನಲ್ಲಿ ಹೀಗಾದರೆ ಸೆಟ್ಟಿಂಗ್ ಮುಟ್ಟುವ ಮೊದಲು ಪಿನ್ನನ್ನು ಒತ್ತಿ ನೋಡಿ. ಅರ್ಧ ಒಳಗೆ ಹೋದ ಪಿನ್ನಿನಲ್ಲಿ ಎಡ-ಬಲ ಎರಡಕ್ಕೂ ಸೇರಿದ ಗ್ರೌಂಡ್ ತಂತಿ ತಾಗುವುದಿಲ್ಲ. ಆಗ ಎಡ-ಬಲ ಎರಡರಲ್ಲೂ ಒಂದೇ ರೀತಿ ಇರುವ ಸದ್ದು ಒಂದನ್ನೊಂದು ಅಳಿಸಿಬಿಡುತ್ತದೆ. ಹಾಡುವವರ ದನಿ ಇರುವುದು ಸಾಮಾನ್ಯವಾಗಿ ಅಲ್ಲೇ. ಹಾಗಾಗಿ ಹಿಮ್ಮೇಳ ಉಂಟು, ಹಾಡುವವರಿಲ್ಲ. ಹೊಸ ಪಿನ್ನು ಹೊಸ ತೂತಿನಲ್ಲಿ ಬಿಗಿಯಾಗಿರುತ್ತದೆ, ಟಕ್ ಎನ್ನುವ ತನಕ ಒತ್ತಬೇಕು.

ಫೈಲಿನಲ್ಲೇ ಸದ್ದಿಲ್ಲದಿದ್ದರೆ

ವಿಎಲ್‌ಸಿಯಲ್ಲಿ ಕಂಟ್ರೋಲ್ ಜೊತೆ ಜೆ ಒತ್ತಿ. ಒಳಗೆ ಏನೇನಿದೆ ಎನ್ನುವ ಪಟ್ಟಿ ಕಾಣುತ್ತದೆ. ಚಿತ್ರದ ವಿವರ ಒಂದೆಡೆ, ಸದ್ದಿನದು ಇನ್ನೊಂದೆಡೆ. ಎ52 ಎಂದು ಬರೆದಿದ್ದರೆ ಅದೇ ನಮ್ಮ ಎಸಿ-3. ಸದ್ದಿನ ವಿವರವೇ ಇಲ್ಲದಿದ್ದರೆ ಫೈಲಿನಲ್ಲಿ ಸದ್ದೇ ಇಲ್ಲ. ಇಲ್ಲದ್ದನ್ನು ಯಾವ ಪ್ಲೇಯರೂ ತಂದುಕೊಡಲಾರದು.

ವಾಟ್ಸ್‌ಆ್ಯಪಿನಲ್ಲಿ ಬಂದ ತುಣುಕುಗಳಲ್ಲಿ ಇದು ಆಗಾಗ ಕಾಣುತ್ತದೆ. ಕಳಿಸುವ ಮೊದಲು ಅಲ್ಲಿ ಸ್ಪೀಕರಿನ ಒಂದು ಚಿಹ್ನೆ ಇರುತ್ತದೆ. ಕೈತಪ್ಪಿ ಅದನ್ನು ಒತ್ತಿದರೆ ಸದ್ದು ಕತ್ತರಿಸಿಯೇ ಹೋಗುತ್ತದೆ. ಚಿಕ್ಕ ತುಣುಕನ್ನು ಜಿಫ್ ಮಾಡಿ ಕಳಿಸಿದರೂ ಅಷ್ಟೇ. ಕಳಿಸಿದವರ ಫೋನಿನಲ್ಲಿ ಮೂಲ ವಿಡಿಯೋ ಸದ್ದಿನ ಸಮೇತ ಇರುತ್ತದೆ. ಅವರಿಗೆ ಫೋನ್ ಮಾಡಿ, "ಡಾಕ್ಯುಮೆಂಟ್ ಅಂತ ಆರಿಸಿ ಮತ್ತೆ ಕಳಿಸಿ" ಎನ್ನಿ. ಹಾಗೆ ಕಳಿಸಿದರೆ ಫೈಲು ಇದ್ದ ಹಾಗೇ ಬರುತ್ತದೆ, ಚಿತ್ರವೂ ಮಸುಕಾಗುವುದಿಲ್ಲ.